ಶೇಕಡಾ ಮಹಾಶಯರ ಸನ್ನಿಧಾನಕ್ಕೆ

ಅಲ್ಜೀರಿಯಾ ದೇಶದ ಜನಸಂಖ್ಯೆಯ ಸ್ವಾಭಾವಿಕ ಬೆಳವಣಿಗೆ ದರ ಮಹಾಶಯರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ತಾವು ಹುಟ್ಟುವುದು ಒಂದು ಕಳೆಯುವ ಲೆಕ್ಕದಲ್ಲಿ. ವರ್ಷದಲ್ಲಿ ಹುಟ್ಟಿದವರಿಂದ ಸತ್ತವರನ್ನು ಕಳೆದು, ಉಳಿದದ್ದನ್ನು ದೇಶದ ಒಟ್ಟು ತಲೆಗಳಿಂದ ಭಾಗಿಸಿ, ನೂರರಿಂದ ಗುಣಿಸಿದರೆ ತಾವು ಪ್ರತ್ಯಕ್ಷರಾಗುತ್ತೀರಿ. ಇಷ್ಟು ಸರಳ ಕುಲದಲ್ಲಿ ಹುಟ್ಟಿ ಇಷ್ಟು ಎತ್ತರದ ಆಸನಕ್ಕೇರಿದವರು ವಿರಳ. ತಾವು ಸ್ವಲ್ಪ ಏರಿದರೆ ಅಲ್ಜಿಯರ್ಸ್‌ನಲ್ಲಿ ಮಂತ್ರಿಗಳು ಚಿಂತೆಗೆ ಬೀಳುತ್ತಾರೆ, ಇಳಿದರೆ ಪ್ರಗತಿಯ ವರದಿ ಬರೆಯುತ್ತಾರೆ. ಮೆಡಿಟರೇನಿಯನ್ ಸಮುದ್ರದ ಆಚೆ ದಡದಲ್ಲಂತೂ ತಮ್ಮ ಹೆಸರು ಹೇಳಿ ಜನರನ್ನು ಹೆದರಿಸುವ ರಾಜಕಾರಣವೇ ಬೆಳೆದಿದೆ. ಇಷ್ಟೆಲ್ಲ ಮರ್ಯಾದೆ ಪಡೆಯುವ ತಮ್ಮೆದುರು ಕೆಲವು ನಮಸ್ಕಾರಗಳನ್ನೂ ಅವುಗಳ ಜೊತೆಗೆ ಕೆಲವು ದೂರುಗಳನ್ನೂ ಇಡಲು ಅಪ್ಪಣೆ ಕೋರುತ್ತೇನೆ.

ಮೊದಲು ತಮ್ಮ ಯೌವನದ ದಿನಗಳಿಗೆ ವಂದನೆ. 132 ವರ್ಷಗಳ ಫ್ರೆಂಚ್ ಆಳ್ವಿಕೆ ಮುಗಿದು 1962ರಲ್ಲಿ ದೇಶ ಸ್ವತಂತ್ರವಾದಾಗ ಸುಮಾರು ಎಂಟು ವರ್ಷದ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು. ಸತ್ತವರು ಹದಿನೈದು ಲಕ್ಷ ಎಂದು ಅಲ್ಜೀರಿಯಾ ಹೇಳುತ್ತದೆ. ಇತಿಹಾಸಕಾರರಲ್ಲಿ ಹಲವರ ಲೆಕ್ಕ ಅದಕ್ಕಿಂತ ಕಡಿಮೆ. ಯಾರ ಲೆಕ್ಕ ಹಿಡಿದರೂ ಊರೂರಿನಲ್ಲಿ ಸೂತಕವಿತ್ತು. ಅಂಥ ದೇಶಕ್ಕೆ ಮಕ್ಕಳು ಬೇಕೆನಿಸಿದ್ದರಲ್ಲಿ ತಪ್ಪೇನಿದೆ? ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ಧೈರ್ಯ ನಮ್ಮ ಹಳ್ಳಿಗಳಲ್ಲಿದ್ದಂತೆ ಅಲ್ಲೂ ಇತ್ತು. 1970ರ ಹೊತ್ತಿಗೆ ಹೆಂಗಸೊಬ್ಬಳಿಗೆ ಸರಾಸರಿ ಎಂಟರ ಹತ್ತಿರ ಮಕ್ಕಳು, ತಾವು ಶೇ. 3ನ್ನು ದಾಟಿ ವಿರಾಜಮಾನರು. 1966ರ ಜನಗಣತಿಯಲ್ಲಿ 1.2 ಕೋಟಿಯಷ್ಟಿದ್ದ ಜನ 1987ರ ಜನಗಣತಿಗೆ 2.3 ಕೋಟಿಯಾದರು.

ಆ ವೈಭವದ ಅಡಿಯಲ್ಲಿ ಒಂದು ವಿಷಯ ಮುಚ್ಚಿಹೋಯಿತು, ಮಹಾಶಯರೇ. 1970ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 140ಕ್ಕೂ ಹೆಚ್ಚು ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಎಂಟು ಹೆತ್ತವಳು ಸರಾಸರಿ ಒಂದನ್ನಾದರೂ ಮಣ್ಣಿಗಿಡಬೇಕಾದ ಲೆಕ್ಕ ಅದು. ತಮ್ಮ ಗಣಿತದಲ್ಲಿ ಆ ಕೂಸು ಹುಟ್ಟಿದವರ ಸಾಲಿನಲ್ಲಿ ಒಂದಾಗಿ ಬಂದು, ಸತ್ತವರ ಸಾಲಿನಲ್ಲಿ ಒಂದಾಗಿ ಹೋಗಿ, ಕೊನೆಗೆ ಸೊನ್ನೆಯಾಗುತ್ತದೆ. ಒಂಬತ್ತು ತಿಂಗಳು ಹೊತ್ತು, ಹೆತ್ತು, ಹಾಲೂಡಿಸಿ, ಜ್ವರದಲ್ಲಿ ರಾತ್ರಿಯೆಲ್ಲ ಎದೆಗವಚಿಕೊಂಡು ಕೂತು, ಬೆಳಗಾಗುವಾಗ ಕಳೆದುಕೊಂಡವಳು ಆ ಸೊನ್ನೆಯನ್ನು ಹೇಗೆ ಒಪ್ಪಿಕೊಳ್ಳಬೇಕು? 2019ರ ಹೊತ್ತಿಗೆ ಶಿಶುಮರಣ ಸಾವಿರಕ್ಕೆ 21ಕ್ಕೆ ಇಳಿದಿತ್ತು. ಲಸಿಕೆ, ಶುದ್ಧ ನೀರು, 1974ರಲ್ಲಿ ಬಂದ ಉಚಿತ ವೈದ್ಯ ವ್ಯವಸ್ಥೆ, ಓದು ಕಲಿತ ತಾಯಂದಿರು ಇದನ್ನು ಸಾಧಿಸಿದರು. ಅದಕ್ಕಿಂತ ದೊಡ್ಡ ಗೆಲುವು ಆ ದೇಶದ ಜನಸಂಖ್ಯಾ ಚರಿತ್ರೆಯಲ್ಲಿ ನನಗೆ ಕಂಡಿಲ್ಲ. ಅದು ತಮ್ಮನ್ನು ಮೇಲಕ್ಕೆ ತಳ್ಳಿದ ಕಾರಣಕ್ಕೆ ಅದನ್ನೂ ಸಮಸ್ಯೆಯ ಪಟ್ಟಿಗೆ ಸೇರಿಸಿದವರಿದ್ದಾರೆ. ಅವರಿಗೆ ತಾವೇ ಬುದ್ಧಿ ಹೇಳಬೇಕು.

ತಮ್ಮ ಆ ಯೌವನದ ದಿನಗಳ ಅಧ್ಯಕ್ಷ ಹುವಾರಿ ಬೂಮೆದಿಯನ್ ಜನನ ನಿಯಂತ್ರಣವನ್ನು ಸುಳ್ಳು ಪರಿಹಾರವೆಂದೇ ಎಣಿಸಿದ್ದವರು. 1974ರಲ್ಲಿ ಬುಕಾರೆಸ್ಟ್‌ನಲ್ಲಿ ವಿಶ್ವ ಜನಸಂಖ್ಯಾ ಸಮ್ಮೇಳನ ನಡೆದಾಗ ಅಲ್ಜೀರಿಯಾ ಬಡ ದೇಶಗಳ ಮುಂಚೂಣಿಯಲ್ಲಿ ನಿಂತು, ಮೊದಲು ಲೋಕದ ಆರ್ಥಿಕ ವ್ಯವಸ್ಥೆ ನ್ಯಾಯವಾಗಲಿ ಎಂದು ವಾದಿಸಿತು. ಅದೇ ಸಮ್ಮೇಳನದಲ್ಲಿ ನಮ್ಮ ಆರೋಗ್ಯ ಸಚಿವ ಕರಣ್ ಸಿಂಗ್ ಅವರು ಅಭಿವೃದ್ಧಿಯೇ ಎಲ್ಲಕ್ಕಿಂತ ಒಳ್ಳೆಯ ಗರ್ಭನಿರೋಧಕ ಎಂದು ಹೇಳಿ ಹೆಸರಾದರು. ಒಂದು ವರ್ಷವೂ ಕಳೆಯಲಿಲ್ಲ. ತುರ್ತುಪರಿಸ್ಥಿತಿ ಬಂತು. ಅದೇ ಸಚಿವರ ಕಾಲದಲ್ಲಿ ಭಾರತದ ಹಳ್ಳಿಗಳಲ್ಲಿ ಗಂಡಸರನ್ನು ಹಿಡಿದು ತಂದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ತಮ್ಮ ಭಾರತದ ದಾಯಾದಿಯನ್ನು ತಗ್ಗಿಸುವುದಕ್ಕೆ ನಡೆದ ಆ ಸೇವೆಯನ್ನು ಕಂಡವರು ನಾವು. ಆದ್ದರಿಂದ ತಮ್ಮ ಮನೆತನದ ಮುಂದೆ ಯಾವ ಸರ್ಕಾರ ಕೈಕಟ್ಟಿ ನಿಂತರೂ ನನಗೆ ಭಯವಾಗುತ್ತದೆ. ಅಲ್ಜೀರಿಯಾ ಮುಂದೆ 1983ರಲ್ಲಿ ಮನಸ್ಸು ಬದಲಿಸಿ ಜನಸಂಖ್ಯೆ ತಡೆಯುವ ಕಾರ್ಯಕ್ರಮ ತಂದಾಗ ಆ ದಾರಿ ತುಳಿಯಲಿಲ್ಲ. ಅದಕ್ಕೆ ಆ ದೇಶಕ್ಕೆ ಮನಸಾರೆ ಕೈಮುಗಿಯುತ್ತೇನೆ.

ಇನ್ನು ತಾವು ಇಳಿದ ಕಥೆ. ಇಲ್ಲಿ ನನ್ನ ದೂರು ಸ್ವಲ್ಪ ಉದ್ದವಾಗಿದೆ, ಮನ್ನಿಸಬೇಕು.

2000ದಲ್ಲಿ ತಾವು ಶೇ. 1.48. ಮೂವತ್ತು ವರ್ಷದೊಳಗೆ ಅರ್ಧಕ್ಕಿಂತ ಕೆಳಗೆ. ಆ ವರ್ಷ ದೇಶದಲ್ಲಿ ಹುಟ್ಟಿದ್ದು 5.89 ಲಕ್ಷ ಮಕ್ಕಳು. ಇಷ್ಟು ಬೇಗ ಇಳಿದ ದೇಶಗಳು ಕಡಿಮೆ ಎಂದು ತಜ್ಞರು ಬೆರಗಾದರು, ತಮ್ಮ ಕೊರಳಿಗೆ ಹಾರಗಳು ಬಿದ್ದವು. ಮದುವೆ ಮನೆಯಲ್ಲಿ ಒಲೆಯ ಮುಂದೆ ಬೆಂದವರು ಒಬ್ಬರು, ಪಂಕ್ತಿಯಲ್ಲಿ ಬಡಿಸಿ ಹೆಸರು ಪಡೆದವರು ಇನ್ನೊಬ್ಬರು ಎಂಬಂತಾಯಿತು. ಒಲೆಯ ಮುಂದೆ ಯಾರಿದ್ದರು? 1966ರಲ್ಲಿ ಅಲ್ಲಿನ ಹುಡುಗಿಗೆ ಮದುವೆಯಾಗುತ್ತಿದ್ದ ಸರಾಸರಿ ವಯಸ್ಸು 18. 2002ಕ್ಕೆ ಅದು 29 ದಾಟಿತ್ತು. ಗಂಡಸರಿಗೆ 33. ಮದುವೆಯಾದ ಹೆಂಗಸರಲ್ಲಿ ಗರ್ಭನಿರೋಧಕ ಬಳಸುವವರು 1970ರಲ್ಲಿ ನೂರಕ್ಕೆ ಹತ್ತೂ ಇರಲಿಲ್ಲ, 1990ರ ದಶಕದ ಆರಂಭಕ್ಕೆ ಅರ್ಧದಷ್ಟಾದರು, 2006ಕ್ಕೆ 61 ಆದರು. ಶಾಲೆಗೆ ಹೋದ ಮೊದಲ ತಲೆಮಾರಿನ ಹುಡುಗಿಯರು ತಮ್ಮ ತಾಯಂದಿರ ಬದುಕನ್ನು ನೋಡಿ, ನಮಗೆ ಅಷ್ಟು ಬೇಡ ಎಂದು ತೀರ್ಮಾನಿಸಿದ ಕಥೆ ಈ ಅಂಕಿಗಳಲ್ಲಿದೆ. ಹಾರ ಅವರಿಗೆ ಸೇರಬೇಕಿತ್ತು.

ಆದರೆ ಅದೇ ಅಂಕಿಗಳಲ್ಲಿ ಇನ್ನೊಂದು ಕಥೆಯೂ ಇದೆ. 1986ರಲ್ಲಿ ತೈಲದ ಬೆಲೆ ಕುಸಿಯಿತು. ಸರ್ಕಾರದ ಬೊಕ್ಕಸ ನಿಂತಿದ್ದೇ ತೈಲ, ಅನಿಲಗಳ ಮೇಲೆ. ಕಾರ್ಖಾನೆಗಳಲ್ಲಿ ಕೆಲಸ ನಿಂತಿತು, ಮನೆ ಕಟ್ಟುವುದು ನಿಂತಿತು. 1988ರ ಅಕ್ಟೋಬರ್‌ನಲ್ಲಿ ಯುವಕರು ಬೀದಿಗಿಳಿದರು, ಸೈನ್ಯ ಅವರ ಮೇಲೆ ಗುಂಡು ಹಾರಿಸಿತು. 1992ರಿಂದ ಸುಮಾರು ಹತ್ತು ವರ್ಷ ಆ ದೇಶ ಅನುಭವಿಸಿದ ಅಂತರ್ಯುದ್ಧವನ್ನು ಅಲ್ಲಿಯವರು ಕರಾಳ ದಶಕ ಎನ್ನುತ್ತಾರೆ. ಅಲ್ಜಿಯರ್ಸ್‌ನ ಬಾಬ್ ಎಲ್ ವೇದ್‌ನಂಥ ಬಡಾವಣೆಗಳಲ್ಲಿ ಎರಡು ಕೋಣೆಯ ಮನೆಯಲ್ಲಿ ಮೂರು ತಲೆಮಾರು, ಒಬ್ಬರು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗುವ ಪಾಳಿ. ಕೆಲಸವಿಲ್ಲದೆ ದಿನವಿಡೀ ಗೋಡೆಗೊರಗಿ ನಿಲ್ಲುವ ಹುಡುಗರನ್ನು ಹಿತ್ತಿಸ್ತರು ಎಂದು ಕರೆಯುವುದು ಅಲ್ಲಿ ರೂಢಿಯಾಯಿತು. ಆ ಹುಡುಗರಿಗೆ ಹೆಣ್ಣು ಕೊಡುವವರು ಯಾರು, ಕೊಟ್ಟರೂ ಸೊಸೆಯನ್ನು ಇಳಿಸುವುದು ಎಲ್ಲಿ? ಓದಬೇಕೆಂದು ಮದುವೆ ಮುಂದೂಡಿದವಳೂ ಮನೆ ಸಿಗದೆ ಮದುವೆ ಮುಂದೆ ಹೋದವಳೂ ತಮ್ಮ ಕಣ್ಣಿಗೆ ಒಂದೇ ಆಗಿ ಕಂಡರು. ಒಬ್ಬಳ ಬಿಡುಗಡೆಯನ್ನೂ ಇನ್ನೊಬ್ಬಳ ನಿಟ್ಟುಸಿರನ್ನೂ ಕೂಡಿಸಿ ತಾವು 1.48 ಎಂದಿರಿ, ಲೋಕ ಅದನ್ನು ಸಾಧನೆ ಎಂದಿತು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ತಮ್ಮಂಥ ಸಭ್ಯರು ಮಾಡಬಾರದಿತ್ತು.

ಆಮೇಲೆ ತಾವು ಮತ್ತೆ ಏರಿದಿರಿ. ಒಮ್ಮೆ ಇಳಿಯಲು ತೊಡಗಿದ ದರ ಇಳಿಯುತ್ತಲೇ ಹೋಗುತ್ತದೆಂದು ಪಾಠ ಹೇಳುತ್ತಿದ್ದವರನ್ನೆಲ್ಲ ದಂಗುಬಡಿಸಿದಿರಿ. 2010ಕ್ಕೆ ಶೇ. 2 ದಾಟಿದಿರಿ. 2014ರಲ್ಲಿ ಒಂದು ವರ್ಷದ ಹೆರಿಗೆಗಳು ಹತ್ತು ಲಕ್ಷ ಮೀರಿದವು. 2016ರಲ್ಲಿ 10.67 ಲಕ್ಷ ಹುಟ್ಟು, ತಾವು ಶೇ. 2.17. ಹಾರ ಹಾಕಿದ ಕೈಗಳೇ ಈಗ ಬೆರಳು ತೋರಿಸಿದವು: ಹೆಂಗಸರು ಹಿಂದಕ್ಕೆ ಹೋದರು, ಧಾರ್ಮಿಕತೆ ಹೆಚ್ಚಿತು, ಜನ ಬುದ್ಧಿ ಕಲಿಯಲಿಲ್ಲ. ತಾವು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಹೇಳಬಹುದಿತ್ತು, ಯುದ್ಧ ನಿಂತಿತ್ತು ಎಂದು. ತೈಲದ ಬೆಲೆ ಏರಿತ್ತು. ಆಡ್ಲ್ ಎಂಬ ಸರ್ಕಾರಿ ವಸತಿ ಸಂಸ್ಥೆಯ ಕಂತಿನ ಫ್ಲ್ಯಾಟುಗಳು, ಸರ್ಕಾರದ ಲಕ್ಷಗಟ್ಟಲೆ ಮನೆಗಳ ಯೋಜನೆಗಳು ನಗರಗಳ ಅಂಚಿನಲ್ಲಿ ಎದ್ದವು. ವರ್ಷಗಟ್ಟಲೆ ಕಾದಿದ್ದವರಿಗೆ ಬೀಗದ ಕೈ ಸಿಕ್ಕಿತು. 2000ದಲ್ಲಿ 1.77 ಲಕ್ಷ ಇದ್ದ ಮದುವೆಗಳು 2014ರಲ್ಲಿ 3.86 ಲಕ್ಷವಾದವು. ಅದಕ್ಕೂ ಮಿಗಿಲಾಗಿ, ಮದುವೆಯ ವಯಸ್ಸಿಗೆ ಬಂದವರು ತಮ್ಮ ಹಳೆಯ ವೈಭವದ ಕಾಲದಲ್ಲಿ, 1970 ಮತ್ತು 80ರ ದಶಕಗಳಲ್ಲಿ, ಹುಟ್ಟಿದ ದೊಡ್ಡ ತಲೆಮಾರಿನವರು. ಒಬ್ಬೊಬ್ಬಳು ಹೆರುವ ಮಕ್ಕಳು ಅಷ್ಟೇ ಇದ್ದರೂ ತಾಯಂದಿರೇ ಹೆಚ್ಚಾದಾಗ ತೊಟ್ಟಿಲುಗಳು ಹೆಚ್ಚಾಗಲೇಬೇಕು. ಸರಾಸರಿ ಮಕ್ಕಳ ಸಂಖ್ಯೆಯೂ ಎರಡೂವರೆಯ ಕೆಳಗಿನಿಂದ ಮೂರರ ಸುತ್ತ ಏರಿತು, ನಿಜ. ಮದುವೆಯಾಗಲು ಮೂವತ್ತರವರೆಗೆ ಕಾದವರು ಬೇಗ ಬೇಗ ಹೆತ್ತರು. ಇದರಲ್ಲಿ ನನಗೆ ಕಾಣುವುದು ತಡವಾಗಿ ಶುರುವಾದ ಸಂಸಾರಗಳ ಆತುರ ಮತ್ತು ಸಂತೋಷ. ಅದನ್ನು ಅಪರಾಧದಂತೆ ಬಣ್ಣಿಸಿದ್ದು ಸರಿಯಲ್ಲ.

ಒಂದು ಅಂಕಿ ಮಾತ್ರ ನನಗೂ ಕಳವಳ ತರುತ್ತದೆ. ಗರ್ಭನಿರೋಧಕ ಬಳಸುವ ದಂಪತಿಗಳು 2006ರ ಶೇ. 61ರಿಂದ 2019ರ ಸಮೀಕ್ಷೆಯ ಹೊತ್ತಿಗೆ 54ರ ಆಸುಪಾಸಿಗೆ ಇಳಿದರು. ಬೇಕೆಂದೇ ಬಿಟ್ಟರೋ, ಔಷಧಿ ಅಂಗಡಿಯಲ್ಲಿ ಸಿಗದೆ ಬಿಟ್ಟರೋ, ಮನೆಯವರ ಮಾತಿಗೆ ಬಿಟ್ಟರೋ? ತಮ್ಮನ್ನು ಕೇಳಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಅಲ್ಜೀರಿಯಾದ ವಿಶ್ವವಿದ್ಯಾಲಯಗಳಿಂದ ಪದವಿ ಪಡೆದು ಹೊರಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆದರೆ ದುಡಿಯುವ ವಯಸ್ಸಿನ ಹೆಂಗಸರಲ್ಲಿ ಕೆಲಸದಲ್ಲಿರುವವರೂ ಕೆಲಸ ಹುಡುಕುತ್ತಿರುವವರೂ ಸೇರಿ ಐದರಲ್ಲಿ ಒಬ್ಬಳೂ ಆಗುವುದಿಲ್ಲ. ಪದವಿ ಪಡೆದು ಮನೆಯಲ್ಲಿ ಕೂತವಳಿಗೆ ತಾಯ್ತನವನ್ನು ಬಿಟ್ಟರೆ ಬೇರೆ ಯಾವ ಬಾಗಿಲು ತೆರೆದಿತ್ತು ಎಂದು ಕೇಳದೆ, ಅವಳು ಹೆತ್ತ ಮೂರನೆಯ ಮಗುವನ್ನು ಮಾತ್ರ ಎಣಿಸಿಕೊಂಡು ಹೋಗುವ ತಮ್ಮ ನಿಷ್ಠೆಗೆ ನಾನು ತಲೆಬಾಗುತ್ತೇನೆ. ತಲೆ ಎತ್ತಲು ಮನಸ್ಸಾಗುತ್ತಿಲ್ಲ.

2014ರಲ್ಲಿ ತೈಲ ಮತ್ತೆ ಕುಸಿಯಿತು. ಮದುವೆಗಳು ವರ್ಷದಿಂದ ವರ್ಷಕ್ಕೆ ಇಳಿದು 2019ಕ್ಕೆ 3.15 ಲಕ್ಷವಾದವು. 2020ರಲ್ಲಿ ಹೆರಿಗೆಗಳು ಮತ್ತೆ ಹತ್ತು ಲಕ್ಷದ ಕೆಳಗೆ ಬಂದವು. ಆಮೇಲಿನ ವರ್ಷಗಳಲ್ಲಿ ತಾವು ಇಳಿಯುತ್ತ ಶೇ. 1.5ರ ಸುತ್ತಮುತ್ತ ಬಂದು ನಿಂತಿರಿ. ಈಗ ಹೆರುವ ವಯಸ್ಸಿಗೆ ಬರುತ್ತಿರುವವರು ಆ 2000ದ ಆಸುಪಾಸಿನಲ್ಲಿ, ಯುದ್ಧದ ನೆರಳಿನಲ್ಲಿ, ಕಡಿಮೆ ಸಂಖ್ಯೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು. ತಾಯಂದಿರು ಕಡಿಮೆ, ಆದ್ದರಿಂದ ಕೂಸುಗಳೂ ಕಡಿಮೆ. ಅವರ ತಂದೆತಾಯಿಗಳ ಕಾಲದ ಭಯ ಇಂದಿನ ಹೆರಿಗೆ ಆಸ್ಪತ್ರೆಗಳ ಲೆಕ್ಕದಲ್ಲಿ ಕಾಣುತ್ತಿದೆ. ಆದರೂ ಯಾವುದೋ ವರದಿ ಇದನ್ನು ಇಂದಿನ ನೀತಿಯ ಫಲವೆಂದು ಬರೆದರೆ ತಾವು ತಡೆಯುವುದಿಲ್ಲ.

ಈ ಇಳಿಕೆಯ ಒಳಗೆ ಹೊಗಳಿಕೆ ಸಲ್ಲದ ಒಂದು ಪಾಲಿದೆ. 2020, 2021ರಲ್ಲಿ ತಾವು ತಗ್ಗಿದ್ದು ಹುಟ್ಟು ಕಡಿಮೆಯಾದದ್ದರಿಂದ ಮಾತ್ರ ಅಲ್ಲ, ಕೋವಿಡ್‌ನಿಂದ ಸಾವು ಹೆಚ್ಚಾದದ್ದರಿಂದಲೂ. 2021ರ ಜುಲೈನಲ್ಲಿ ಅಲ್ಜೀರಿಯಾದ ಆಸ್ಪತ್ರೆಗಳಲ್ಲಿ ಆಮ್ಲಜನಕ ಸಾಲದೆ ಹೋಯಿತು. ಜನ ತಮ್ಮವರಿಗಾಗಿ ಸಿಲಿಂಡರ್ ಹೊತ್ತು ಅಲೆದರು. ಅದೇ ವರ್ಷದ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಸತ್ತ ಸುದ್ದಿ ಓದಿದ ಕನ್ನಡಿಗರಿಗೆ ಆ ಅಲೆದಾಟ ಏನೆಂದು ವಿವರಿಸಬೇಕಾಗಿಲ್ಲ. ಉಸಿರಿಲ್ಲದೆ ಹೋದ ಆ ಜೀವಗಳನ್ನೂ ತಾವು ಬೆಳವಣಿಗೆ ತಗ್ಗಿದ ಖಾತೆಗೇ ಜಮಾ ಮಾಡಿಕೊಂಡಿರಿ. ದಯವಿಟ್ಟು ಆ ಎರಡು ವರ್ಷಗಳ ಸಾಲನ್ನು ಬೇರೆ ಬಣ್ಣದಲ್ಲಿ ಬರೆಸಿ. ಇಷ್ಟನ್ನಾದರೂ ನಡೆಸಿಕೊಡಿ.

ಹೋಗುವವರ ವಿಷಯಕ್ಕೆ ಬರುತ್ತೇನೆ. ತಾವು ಹುಟ್ಟು ಸಾವುಗಳನ್ನು ಮಾತ್ರ ಬಲ್ಲವರು, ಗಡಿ ದಾಟಿದವರು ತಮ್ಮ ಶಾಸ್ತ್ರಕ್ಕೆ ಸೇರಿದವರಲ್ಲ. ಒರಾನ್, ಮೊಸ್ತಗಾನೆಂ ಕಡಲತೀರದಿಂದ ಸ್ಪೇನಿನ ಕಡೆಗೆ, ಅನ್ನಾಬಾದಿಂದ ಸಾರ್ಡೀನಿಯಾದ ಕಡೆಗೆ, ರಾತ್ರಿಯ ಹೊತ್ತು ಮೋಟಾರು ದೋಣಿಗಳಲ್ಲಿ ಹೊರಡುವ ಹುಡುಗರನ್ನು ಅಲ್ಲಿ ಹರ್ರಾಗ ಎನ್ನುತ್ತಾರೆ. 2009ರಲ್ಲಿ ಹಾಗೆ ದೇಶ ಬಿಡುವುದನ್ನೇ ಅಪರಾಧವಾಗಿಸುವ ಕಾನೂನು ಬಂತು. ದೋಣಿಗಳು ನಿಲ್ಲಲಿಲ್ಲ. ಮುಳುಗಿ ಹೋದವನ ಶವ ದಡಕ್ಕೆ ಬರದಿದ್ದರೆ ಅವನು ಸತ್ತವರ ಸಾಲಿಗೂ ಬರುವುದಿಲ್ಲ. ಅವನ ತಾಯಿ ಕಡಲತೀರಕ್ಕೂ ಪೊಲೀಸ್ ಠಾಣೆಗೂ ನಡುವೆ ವರ್ಷಗಟ್ಟಲೆ ಓಡಾಡುತ್ತಿರುವಾಗ ತಮ್ಮ ಲೆಕ್ಕದಲ್ಲಿ ಅವನು ಇನ್ನೂ ಊರಲ್ಲೇ ಇದ್ದಾನೆ, ಬೆಳೆಯುತ್ತಿರುವ ಜನಸಂಖ್ಯೆಯ ಒಂದು ಭಾಗವಾಗಿ. ಅವನನ್ನು ಓಡಿಸಿದ್ದು ತಮ್ಮ ಏರಿಕೆ ಎಂದು ಎರಡೂ ದಡಗಳಲ್ಲಿ ಹೇಳುವವರಿದ್ದಾರೆ. ಆದರೆ ಅವನು ಹುಟ್ಟಿದ ಕಾಲಕ್ಕೆ ತಾವು ಇಳಿಜಾರಿನಲ್ಲಿದ್ದಿರಿ. ತಮ್ಮ ಮೇಲೆ ಬಂದಿರುವ ಈ ಒಂದು ಆರೋಪದಲ್ಲಿ ಮಾತ್ರ ನಾನು ತಮ್ಮ ಪರ ಸಾಕ್ಷಿ ಹೇಳಲು ಸಿದ್ಧ.

ತಾವು ಇಡೀ ದೇಶಕ್ಕೆ ಒಂದೇ ಮುಖ ತೋರಿಸುವುದೂ ಸೌಜನ್ಯವಲ್ಲ. 23.8 ಲಕ್ಷ ಚದರ ಕಿಲೋಮೀಟರಿನ ಆ ದೇಶ ಆಫ್ರಿಕಾ ಖಂಡದಲ್ಲೇ ದೊಡ್ಡದು, ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಸಹಾರಾ ಮರುಭೂಮಿ. ಜನ ಕಿಕ್ಕಿರಿದಿರುವುದು ಉತ್ತರದ ಕಡಲಂಚಿನ ಪಟ್ಟಿಯಲ್ಲಿ. ಕಬಿಲಿಯಾದ ತಿಜಿ ಊಜುವಿನಲ್ಲಿ ಮದುವೆಗಳು ತಡ, ಮಕ್ಕಳು ಕಡಿಮೆ. ಹುಲ್ಲುಗಾವಲಿನ ಜೆಲ್ಫಾದಲ್ಲಿ ಮನೆತುಂಬ ಮಕ್ಕಳು. ಇಬ್ಬರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದರೆ ತೊಡುವವರು ಯಾರು?

ಶಾಲೆಗಳ ಮೇಷ್ಟ್ರುಗಳ ಪರವಾಗಿಯೂ ಒಂದು ಮಾತು. 2000ದ ಸುತ್ತಿನ ಸಣ್ಣ ತಲೆಮಾರು ಒಂದನೇ ತರಗತಿಗೆ ಬಂದಾಗ ಬೆಂಚುಗಳು ಖಾಲಿ ಉಳಿದವು. 2014ರಿಂದ 2019ರವರೆಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಹುಟ್ಟಿದವರು ಬಂದಾಗ ಕೋಣೆಗಳು ಸಾಲಲಿಲ್ಲ, ಬೆಳಗ್ಗೆ ಒಂದು ತಂಡ, ಮಧ್ಯಾಹ್ನ ಒಂದು ತಂಡ ಎಂದು ಪಾಳಿಯಲ್ಲಿ ಪಾಠ. ಆ ಮಕ್ಕಳು ಈಗ ಶಾಲೆಯಲ್ಲಿದ್ದಾರೆ. 2030ರ ದಶಕದಲ್ಲಿ ಅವರು ಕಾಲೇಜಿನ, ಆಮೇಲೆ ಕೆಲಸದ, ಮನೆಯ ಬಾಗಿಲು ತಟ್ಟುತ್ತಾರೆ. ಅವರೆಷ್ಟು ಜನ ಎಂಬುದು ಇಂದೇ ಗೊತ್ತಿದೆ, ಯಾವ ಜ್ಯೋತಿಷ್ಯವೂ ಬೇಕಿಲ್ಲ. ತಾವು ಈಗ ಇಳಿಯುತ್ತಿದ್ದೀರೆಂದು ನೆಮ್ಮದಿಯಾಗಿ ಕೂತವರಿಗೆ ಆ ಮಕ್ಕಳು ಈಗಾಗಲೇ ಹುಟ್ಟಿದ್ದಾರೆಂದು ನೆನಪಿಸುವ ಕೃಪೆ ಮಾಡಬೇಕು. ತೈಲದ ಬೆಲೆ ಚೆನ್ನಾಗಿದ್ದಾಗ ಮನೆ ಕಟ್ಟಿ, ಬಿದ್ದಾಗ ಮದುವೆಗಳನ್ನು ಮುಂದೂಡಿಸುವ ಆಟವನ್ನು ಆ ತಲೆಮಾರಿನ ಮೇಲೂ ಆಡಿದರೆ 1988ರ ಅಕ್ಟೋಬರ್ ಮತ್ತೆ ಬರಬಹುದೆಂಬ ಭಯ ನನಗಿದೆ.

ಕೊನೆಗೆ ಒಂದು ಪ್ರಾರ್ಥನೆ. ಮುಂದಿನ ಬಾರಿ ತಾವು ಪ್ರಕಟವಾಗುವ ಹಾಳೆಯಲ್ಲಿ ತಮ್ಮ ಪಕ್ಕಕ್ಕೆ ಇನ್ನೊಂದು ಅಂಕಣಕ್ಕೆ ಜಾಗ ಬಿಟ್ಟುಕೊಡಬೇಕು. 2000ದಲ್ಲಿ ಹುಟ್ಟಿದ ಆ ಹೆಣ್ಣುಮಕ್ಕಳನ್ನು ಕಂಡು, ನಿನಗೆ ಎಷ್ಟು ಮಕ್ಕಳು ಬೇಕಿತ್ತು, ಎಷ್ಟಾದವು, ನಡುವಿನ ಅಂತರಕ್ಕೆ ಕಾರಣ ಮನೆಯೋ, ಕೆಲಸವೋ, ಗಂಡನ ಮನೆಯವರೋ, ಸಿಗದೆ ಹೋದ ಗುಳಿಗೆಯೋ ಎಂದು ಕೇಳಿಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಆ ಅಂಕಣದಲ್ಲಿ ತುಂಬಿಸಬೇಕು. ಮಂತ್ರಿಗಳು ಮೊದಲು ಅದನ್ನು ಓದಲಿ, ಆಮೇಲೆ ತಮ್ಮ ದರ್ಶನಕ್ಕೆ ಬರಲಿ.

ಇಂತಿ,
ತಮ್ಮ ಕೃಪಾಕಾಂಕ್ಷಿ,
ಕನ್ನಡದ ಒಬ್ಬ ಪತ್ರ ಬರಹಗಾರ